ಹಳ್ಳದ ದರೆ ಕುಸಿತಕ್ಕೆ ಏನು ಮಾಡಲಿ?

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮದು ಅಡಿಕೆ ತೋಟ. ತುಂಗೆಗೆ ಸೇರುವ ಹಳ್ಳ ಪ್ರತಿ ಮಳೆಗಾಲದಲ್ಲೂ ದರೆ ಕೊರೆಯುತ್ತಿದೆ. ಕಾಂಕ್ರೀಟ್ ಗೋಡೆ ಕಟ್ಟಿಸಲೇ? ಮೇಲಿನ ಜೌಗು ಗದ್ದೆಗೆ ಮಣ್ಣು ತುಂಬಿ ಸಸಿ ಇಡಬಹುದೇ?

ಉತ್ತರ: ಗೋಡೆಗೆ ಆತುರ ಬೇಡ. ನೀರು ಅದರ ಬುಡ ಕೊರೆದು, ಗೋಡೆ ಮುಗಿಯುವಲ್ಲಿ ಮತ್ತೆ ದರೆ ಕೀಳುತ್ತದೆ. ಮೊದಲು ಮೇಲ್ಭಾಗದ ಸಣ್ಣ ಕೊರಕಲುಗಳಲ್ಲಿ ಕಲ್ಲಿನ ತಡೆ ಹಾಕಿ ವೇಗ ಇಳಿಸಿ. ನಡುಭಾಗದಲ್ಲಿ ಎತ್ತರ ಎರಡೂವರೆ ಅಡಿ ಸಾಕು. ತಳಕ್ಕೆ ಒಂದು ಅಡಿ, ಎರಡೂ ದಡದೊಳಕ್ಕೆ ಒಂದೂವರೆ ಅಡಿ ಹೂತಿರಲಿ. ನಡುಭಾಗ ತುದಿಗಳಿಗಿಂತ ಒಂದು ಅಡಿ ತಗ್ಗಿರಲೇಬೇಕು. ಹೆಚ್ಚಿನವರು ಎಡವುವುದೇ ಇಲ್ಲಿ: ಮಟ್ಟಸವಾಗಿ ಕಟ್ಟಿದರೆ ನೀರು ಪಕ್ಕದಿಂದ ನುಗ್ಗಿ ದಡವನ್ನೇ ಒಯ್ಯುತ್ತದೆ. ಕೆಳಗಿನ ತಡೆಯ ನಡುಭಾಗದ ತಲೆ ಮೇಲಿನದರ ಬುಡಕ್ಕೆ ಸಮ ಬರಬೇಕು. ನೂರು ಅಡಿಗೆ ಐದು ಅಡಿ ಇಳಿಜಾರಿದ್ದರೆ ಅಂತರ 50 ಅಡಿ.

ನೆಟ್ಟಗೆ ನಿಂತ ದರೆಯನ್ನು ಓರೆಯಾಗಿ ಕಡಿದು, ಅಡ್ಡಸಾಲಿನಲ್ಲಿ 10-15 ಸೆಂ.ಮೀ.ಗೊಂದರಂತೆ ಲಾವಂಚ ನೆಡಿ. ಮೊದಲ ಮಳೆಗೇ ನೆಡಬೇಕು. ಆಷಾಢದ ಮಳೆಯಲ್ಲಿ ನೆಟ್ಟದ್ದು ಬೇರು ಬಿಡುವ ಮೊದಲೇ ತೇಲಿಹೋಗುತ್ತದೆ. ದಡದ ಮೇಲೆ ಹೊಳೆಮತ್ತಿ, ಬುಡದಲ್ಲಿ ಕೇದಗೆ ಒಳ್ಳೆಯದು.

ಜೌಗನ್ನು ಮುಟ್ಟಬೇಡಿ. ಅಲ್ಲಿ ಹರಡಿ ನಿಲ್ಲುವ ನೀರು, ಮಣ್ಣು ತುಂಬಿದರೆ ಒಮ್ಮೆಲೇ ನಿಮ್ಮ ಹಳ್ಳಕ್ಕೇ ಬರುತ್ತದೆ. ಬುಡದಲ್ಲಿ ನೀರು ನಿಂತರೆ ಅಡಿಕೆಯೂ ಏಳುವುದಿಲ್ಲ. ಜೌಗಿನ ನೀರು ಹೊರಹಾಕಲು ತೋಡಿದ ಹಳೆಯ ಬಸಿಗಾಲುವೆ ಇದ್ದರೆ, ನೀರು ಅಲ್ಲೇ ನಿಲ್ಲುವಂತೆ ಅಲ್ಲಲ್ಲಿ ಜೇಡಿಮಣ್ಣು ಬಡಿದು ಮುಚ್ಚಿ.