ಎಕ್ಸೆಲ್‌ನಲ್ಲಿ ಹೆಲ್ಪ್ ಪದೇ ಪದೇ ತೆರೆದುಕೊಳ್ಳುತ್ತೆ, ಪೂರ್ತಿ ಬಂದ್ ಮಾಡೋದು ಹೇಗೆ?

ಬಿ.ಕಾಂ. ಮುಗಿಸಿ ಯಾದಗಿರಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ಸೇರಿದ್ದೀನಿ, ಸೆಲ್ ತಿದ್ದಲು ಎಫ್2 ಒತ್ತೋಕೆ ಹೋದರೆ ಎಫ್1 ಬಿದ್ದು ಬಲಗಡೆ ಹೆಲ್ಪ್ ಬರುತ್ತೆ, ಸೂತ್ರ ಬರೆಯುವಾಗ ಕೆಳಗೆ ಚೀಟಿ ಥರ ಒಂದು ಅಡ್ಡ ನಿಲ್ಲುತ್ತೆ, ಇದನ್ನೆಲ್ಲ ಒಂದೇ ಸಲ ಬಂದ್ ಮಾಡಬಹುದಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ತಪ್ಪು ತಿಳೀಬೇಡ್ರಿ. ಕಲಬುರಗಿ ಗಂಜ್‌ನಲ್ಲಿ ಒಂದು ದಾಲ್ ಮಿಲ್ಲಿನ ಲೆಕ್ಕ ನೋಡ್ತೀನಿ ನಾನು. ಸೇರಿದ ಹೊಸದರಲ್ಲಿ ನನಗೂ ಇದೇ ಸಿಟ್ಟು. ನಮ್ಮ ಹಳೇ ಮುನೀಮರ ಹತ್ತಿರ ಹೇಳಿಕೊಂಡರೆ, "ಆ ಗುಂಡೀನೇ ಕಿತ್ತಿ ಒಗಿ ತಮ್ಮಾ, ಕಿರಿಕಿರೀನೇ ಇರಂಗಿಲ್ಲ" ಅಂದರು. ಸ್ಕ್ರೂಡ್ರೈವರ್ ಹಾಕಿ ಕಿತ್ತೇ ಬಿಟ್ಟೆ. ಆ ಕೀಬೋರ್ಡ್ ಇನ್ನೂ ಇದೆ, ಎಸ್ಕೇಪ್ ಪಕ್ಕದಲ್ಲಿ ಹಲ್ಲು ಬಿದ್ದ ಬಾಯಿ ಹಾಗೆ.

ನೀವು ಕೀಳಬೇಡಿ. ಎಕ್ಸೆಲ್‌ನ ಆಪ್ಷನ್ಸ್‌ನಲ್ಲಿ ಎಫ್1 ಆಫ್ ಮಾಡುವ ಟಿಕ್ ಎಲ್ಲೂ ಇಲ್ಲ, ಹುಡುಕಿ ಸುಸ್ತಾಗಬೇಡಿ. ಇರುವ ದಾರಿ ಒಂದು ಸಣ್ಣ ಮ್ಯಾಕ್ರೊ, ಅಂದರೆ ಎಕ್ಸೆಲ್‌ಗೆ ನಾವೇ ಬರೆದಿಡುವ ಆಜ್ಞೆ. ಪರ್ಸನಲ್ ಮ್ಯಾಕ್ರೊ ವರ್ಕ್‌ಬುಕ್ ಅನ್ನೋ, ಎಕ್ಸೆಲ್ ಜೊತೆ ತಾನೇ ತೆರೆದುಕೊಳ್ಳುವ ಫೈಲಿನಲ್ಲಿ ಆಟೊ ಅಂಡರ್‌ಸ್ಕೋರ್ ಓಪನ್ ಅನ್ನೋ ಹೆಸರಿನ ಮ್ಯಾಕ್ರೊ ಮಾಡಿ, ಅದರೊಳಗೆ ಒಂದೇ ಸಾಲು: ಅಪ್ಲಿಕೇಶನ್ ಡಾಟ್ ಆನ್‌ಕೀ, ಆಮೇಲೆ ಡಬಲ್ ಕೋಟ್ಸ್ ಒಳಗೆ ಹೂ ಕಂಸ ಹಾಕಿ ಎಫ್1, ಕಾಮಾ, ಕೊನೆಗೆ ಏನೂ ಬರೆಯದ ಖಾಲಿ ಡಬಲ್ ಕೋಟ್ಸ್. ಎಕ್ಸೆಲ್ ತೆರೆದಾಗಲೆಲ್ಲ ಅದು ತಾನೇ ಓಡುತ್ತೆ, ಎಫ್1 ಒತ್ತಿದರೂ ಸುಮ್ಮನಿರುತ್ತೆ. ಆ ಕೊನೆಯ ಖಾಲಿ ಕೋಟ್ಸ್ ಮರೆತರೆ ಎಫ್1 ಮತ್ತೆ ಹೆಲ್ಪನ್ನೇ ತೆರೆಯುತ್ತೆ. ಇದು ಎಕ್ಸೆಲ್‌ಗೆ ಮಾತ್ರ. ವರ್ಡ್‌ನಲ್ಲಿ ಎಫ್1 ಹಾಗೇ ಇರುತ್ತೆ, ಇರಲಿ ಬಿಡಿ, ಅಲ್ಲಿ ಎಫ್2 ಕೆಲಸ ನಮಗೆ ಬೀಳೋದಿಲ್ಲ.

ಇನ್ನು ಆ ಚೀಟಿಗಳ ವಿಷಯ. ಅದರಲ್ಲಿ ಎರಡು ಜಾತಿ ಇದೆ, ಎರಡನ್ನೂ ಒಂದೇ ಅಂತ ತಿಳಿದು ನಾನು ಪೆಟ್ಟು ತಿಂದವನು. ಮೌಸನ್ನು ಯಾವುದಾದರೂ ಬಟನ್ ಮೇಲೆ ಇಟ್ಟಾಗ ಇಷ್ಟುದ್ದ ವಿವರಣೆ ಬರುತ್ತಲ್ಲ, ಅದು ಒಂದು. ಫೈಲ್, ಆಪ್ಷನ್ಸ್, ಜನರಲ್‌ಗೆ ಹೋಗಿ ಸ್ಕ್ರೀನ್‌ಟಿಪ್ ಸ್ಟೈಲ್ ಅನ್ನೋ ಕಡೆ ಅದನ್ನು ಬಟನ್ ಹೆಸರಿಗಷ್ಟೇ ಇಳಿಸಬಹುದು, ಪೂರ್ತಿ ತೆಗೆಯಲೂಬಹುದು. ತೆಗೆಯಿರಿ, ನಷ್ಟ ಇಲ್ಲ. ಇನ್ನೊಂದು ಸೂತ್ರದ ಕೆಳಗೆ ಬರುವ ಚೀಟಿ. ಅದರ ಟಿಕ್ ಇರೋದು ಅಡ್ವಾನ್ಸ್ಡ್ ಒಳಗೆ, ಡಿಸ್‌ಪ್ಲೇ ಭಾಗದಲ್ಲಿ. ಅದಕ್ಕೆ ಕೈ ಹಚ್ಚಬೇಡಿ.

ಯಾಕೆ ಅಂದರೆ ಕೇಳಿ. ತೊಗರಿ ಸೀಸನ್ನಿನಲ್ಲಿ ಲಾಟ್ ಬಂದ ಹಾಗೆ ಬಂದ ಹಾಗೆ ಒಂದು ಶೀಟಿನಲ್ಲಿ ನಂಬರ್, ಚೀಲ, ತೂಕ, ದರ ಹೊಡೀತಾ ಹೋಗ್ತೀವಿ. ಬಿಲ್ಲಿನ ಶೀಟು ಲಾಟ್ ನಂಬರ್ ನೋಡಿ ದರ ಎತ್ತಿಕೊಳ್ಳಬೇಕು, ಅದಕ್ಕೆ ವಿಲುಕಪ್ (VLOOKUP) ಅನ್ನೋ ಫಂಕ್ಷನ್. ಚೀಟಿಯ ಕಾಟ ಬೇಡ ಅಂತ ನಾನು ಎಲ್ಲ ಟಿಕ್ಕೂ ತೆಗೆದಿದ್ದೆ. ಹುಡುಕುವ ನಂಬರ್, ಟೇಬಲ್, ಎಷ್ಟನೇ ಕಾಲಂ, ಅಷ್ಟೇ ಬರೆದು ಎಂಟರ್ ಹೊಡೆದೆ. ಉತ್ತರ ಬಂತು, ಎರರ್ ಇಲ್ಲ, ಸಮಾಧಾನ. ಸಂಜೆ ಅಡತಿಯವರ ಫೋನು. ಒಂದು ಲಾಟಿಗೆ ಕ್ವಿಂಟಲ್‌ಗೆ 200 ರೂಪಾಯಿ ಕಮ್ಮಿ ಕಟ್ಟಿದ್ದೀರಿ, 18 ಕ್ವಿಂಟಲ್ ಮಾಲು, 3,600 ರೂಪಾಯಿ ಎಲ್ಲಿ ಹೋಯ್ತು ಅಂತ. ಸಾವ್ಕಾರ್ರು ಬೈಯಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು.

ಆಗಿದ್ದು ಇಷ್ಟು. ವಿಲುಕಪ್‌ಗೆ ನಾಲ್ಕನೇದೊಂದು ಜಾಗ ಇದೆ. ಅದನ್ನು ಬಿಟ್ಟರೆ ಎಕ್ಸೆಲ್ ತಾನೇ ಟ್ರೂ ಅಂತ ಹಿಡಿಯುತ್ತೆ, ಅಂದರೆ ಪಟ್ಟಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ ಅಂತ ನಂಬಿ ಹತ್ತಿರದ್ದನ್ನು ಕೊಡುತ್ತೆ. ನೀವೇ ಮಾಡಿ ನೋಡಿ: ಒಂದರ ಕೆಳಗೊಂದು 12, 41, 27 ಬರೆದು ಪಕ್ಕದಲ್ಲಿ ಬೇರೆ ಬೇರೆ ದರ ಹಾಕಿ, ನಾಲ್ಕನೇದು ಬಿಟ್ಟು 27 ಹುಡುಕಿ. ಅದು ಮೊದಲು ನಡುವಿನ 41 ನೋಡುತ್ತೆ, ದೊಡ್ಡದು ಅಂತ ಮೇಲಕ್ಕೆ ಹೋಗುತ್ತೆ, ಅಲ್ಲಿ 12 ಸಿಗುತ್ತೆ, ಅದರ ದರ ತಂದು ನಿಮ್ಮ ಕೈಗಿಡುತ್ತೆ. 27 ಕಣ್ಣೆದುರೇ ಇದ್ದರೂ. ನಾಲ್ಕನೇ ಜಾಗದಲ್ಲಿ ಫಾಲ್ಸ್ ಬರೆದರೆ ಸರಿಯಾದ್ದೇ ಬರುತ್ತೆ, ಪಟ್ಟಿಯಲ್ಲಿ ಇಲ್ಲದ ನಂಬರಾದರೆ ಎನ್‌ಎ ಅಂತ ಕೂಗಿ ಹೇಳುತ್ತೆ.

ನಾನು ಬಂದ್ ಮಾಡಿದ್ದ ಚೀಟಿ ಇದನ್ನೇ ಹೇಳ್ತಿತ್ತು. ಅದರಲ್ಲಿ ನಾಲ್ಕನೇದು ಚೌಕ ಕಂಸದೊಳಗೆ ಇರುತ್ತೆ. ಚೌಕ ಕಂಸ ಅಂದರೆ ಬರೆದರೂ ನಡೆಯುತ್ತೆ, ಬಿಟ್ಟರೂ ನಡೆಯುತ್ತೆ, ಬಿಟ್ಟರೆ ಏನಾಗುತ್ತೆ ಅಂತ ತಿಳಿದಿರಬೇಕು, ಅಷ್ಟೇ. ನೀವು ಯಾವ ಜಾಗದಲ್ಲಿದ್ದೀರೋ ಅದು ದಪ್ಪ ಅಕ್ಷರದಲ್ಲಿ ಕಾಣುತ್ತೆ. ಚೀಟಿಯಲ್ಲಿರುವ ಫಂಕ್ಷನ್ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ನೇರ ಅದರ ಹೆಲ್ಪ್ ಪುಟವೇ ತೆರೆಯುತ್ತೆ. ಕೆಳಗಿನ ಸೆಲ್ ಮುಚ್ಚುತ್ತೆ ಅನ್ನೋದೇ ನಿಮ್ಮ ತಕರಾರಾದರೆ, ಚೀಟಿಯ ಅಂಚು ಹಿಡಿದು ಪಕ್ಕಕ್ಕೆ ಎಳೆದಿಡಿ, ಸರಿಯುತ್ತೆ. ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಅದೂ ಕೈ ತಪ್ಪಿ.

ಒಂದು ಫಂಕ್ಷನ್ನಿಗೆ ಈ ಚೀಟಿ ಬರೋದೇ ಇಲ್ಲ, ಡೇಟೆಡಿಫ್ (DATEDIF). ಹಮಾಲರು, ಕೆಲಸದವರು ಸೇರಿ ಎಷ್ಟು ವರ್ಷ ಎಷ್ಟು ತಿಂಗಳಾಯ್ತು ಅಂತ ತೆಗೆಯೋಕೆ ಬೇಕಾಗುತ್ತೆ. ಲೋಟಸ್ 1-2-3 ಅನ್ನೋ ಹಳೇ ಸ್ಪ್ರೆಡ್‌ಶೀಟ್ ಪ್ರೋಗ್ರಾಮಿನ ಫೈಲುಗಳು ನಡೆಯಲಿ ಅಂತ ಎಕ್ಸೆಲ್ ಅದನ್ನು ಇಟ್ಟುಕೊಂಡಿದೆ, ಟೈಪ್ ಮಾಡುವಾಗ ಪಟ್ಟಿಯಲ್ಲಿ ತೋರಿಸೋದಿಲ್ಲ. ಕಾಣಲಿಲ್ಲ ಅಂತ ಬಿಡಬೇಡಿ, ಪೂರ್ತಿ ಬರೆದರೆ ನಡೆಯುತ್ತೆ.

ಎಫ್1ಗಿಂತ ನಾನು ದಿನಾ ಬಳಸೋದು ಆಲ್ಟ್ ಮತ್ತು ಕ್ಯೂ. 2016ರ ಆಫೀಸ್‌ನಿಂದ ಈಚೆಗೆ ಮೇಲ್ಗಡೆ ಒಂದು ಹುಡುಕೋ ಪೆಟ್ಟಿಗೆ ಬಂದಿದೆಯಲ್ಲ, ಅದಕ್ಕೆ ಹೋಗುವ ದಾರಿ. ಫ್ರೀಝ್ ಅಂತ ಬರೆದರೆ ಆ ಆಜ್ಞೆಯನ್ನೇ ತಂದು ಕೊಡುತ್ತೆ, ಅಲ್ಲಿಂದಲೇ ಒತ್ತಬಹುದು. ಯಾವ ಟ್ಯಾಬಿನಲ್ಲಿದೆ ಅಂತ ಹುಡುಕಾಡೋದು ತಪ್ಪಿತು. ನಮ್ಮ ಕಡೆಯವರಿಗೆ ಇಲ್ಲೊಂದು ತೊಡಕು: ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಆನ್ ಇಟ್ಟುಕೊಂಡೇ ಆ ಪೆಟ್ಟಿಗೆಯಲ್ಲಿ ಟೈಪ್ ಮಾಡಿ, ಅರ್ಥವಿಲ್ಲದ ಅಕ್ಷರ ಬಂತು, ಹೆಲ್ಪ್ ಕೆಟ್ಟಿದೆ ಅಂತಾರೆ. ಕೆಟ್ಟಿಲ್ಲ. ನುಡಿಯ ಹಳೇ ಪದ್ಧತಿಯಲ್ಲಿ ಕನ್ನಡ ಕಾಣೋದು ಆ ಫಾಂಟ್ ಇದ್ದ ಕಡೆ ಮಾತ್ರ, ಒಳಗಿರೋದು ಇಂಗ್ಲಿಷಿನ ಚಿಹ್ನೆಗಳೇ. ಸ್ಕ್ರೋಲ್ ಲಾಕ್ ಒತ್ತಿ ನುಡಿ ಆಫ್ ಮಾಡಿ, ಆಮೇಲೆ ಹುಡುಕಿ.

ನೆಟ್ ಇಲ್ಲದಾಗ ಈಗಿನ ಆಫೀಸ್‌ನ ಹೆಲ್ಪ್ ಪುಟಗಳು ತೆರೆಯೋದಿಲ್ಲ, ಚೀಟಿ ಮಾತ್ರ ಬರುತ್ತೆ. ಅದನ್ನು ಉಳಿಸಿಕೊಳ್ಳಿ ಅನ್ನೋಕೆ ಇದೂ ಒಂದು ಕಾರಣ. ಅಂಗಡಿಯಲ್ಲಿ 2010ರ ಆಫೀಸ್ ಇರುವ ಹಳೇ ಡಬ್ಬಾ ಏನಾದರೂ ಇದ್ದರೆ, ಹೆಲ್ಪ್ ಕಿಟಕಿಯ ಕೆಳಗೆ ಬಲ ಮೂಲೆಯಲ್ಲಿ ಕ್ಲಿಕ್ ಮಾಡಿ ಈ ಕಂಪ್ಯೂಟರ್‌ನಲ್ಲಿರುವುದನ್ನಷ್ಟೇ ತೋರಿಸು ಅಂತ ಆರಿಸಬಹುದು. ಲಿಬ್ರೆ ಆಫೀಸ್ ಇದ್ದರೆ ಅದರ ಆಫ್‌ಲೈನ್ ಹೆಲ್ಪ್ ಬೇರೆಯಾಗಿ ಡೌನ್‌ಲೋಡ್ ಮಾಡಿ ಹಾಕಬೇಕು. ತೆರೆದಾಗ ಬರುವ ದಿನಕ್ಕೊಂದು ಸಲಹೆಯನ್ನು ಆಪ್ಷನ್ಸ್‌ನ ಜನರಲ್‌ನಲ್ಲಿ ಆಫ್ ಮಾಡಬಹುದು.

ಇಷ್ಟಾದರೂ ನಿಮ್ಮದು ಪುಣ್ಯ. ನಾವು ಕಂಪ್ಯೂಟರ್ ಕ್ಲಾಸಿಗೆ ಹೋದಾಗ ಆಫೀಸ್ 97ರ ಕಾಗದದ ಕ್ಲಿಪ್ಪು ಕಣ್ಣು ಮಿಟುಕಿಸುತ್ತಾ ಮುಂದೆ ಬಂದು ನಿಲ್ತಿತ್ತು. ಡಿಯರ್ ಅಂತ ಬರೆದ ತಕ್ಷಣ ಪತ್ರ ಬರೀತಿದ್ದೀರಾ, ಸಹಾಯ ಬೇಕಾ ಅಂತ ಕೇಳೋದು. 2007ರ ಆಫೀಸ್‌ನಲ್ಲಿ ಅದನ್ನು ತೆಗೆದೇ ಹಾಕಿದರು.

ಮ್ಯಾಕ್ರೊ ಹಾಕುವ ಮುಂಚೆ ನಿಮ್ಮ ಸಾವ್ಕಾರ್ರಿಗೆ ಒಂದು ಮಾತು ಹೇಳಿರಿ, ಮಷೀನು ಅವರದು. ಆಮೇಲೆ ಫೈಲ್ ಒಳಗೆ ಅಕೌಂಟ್ ಒತ್ತಿ ಯಾವ ಆವೃತ್ತಿ ಅಂತ ನೋಡಿ ತಿಳಿಸ್ರಿ, ಸಿಕ್ಕಿಬಿದ್ದ ಕಡೆ ಬಿಡಿಸಿ ಹೇಳ್ತೀನಿ.