ಬದುವಿನ ಹೆಬ್ಬೇವು ಮತ್ತು ಬಾಯಿ ಬಿಡದ ಯಜಮಾನರು

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಪತ್ರವನ್ನು ಓದಿ ಮುಗಿಸಿದಾಗ ನನಗೆ ಸಿಟ್ಟು ಬಂದದ್ದು ನಿಜ. ಅದು ಪತ್ರ ಬರೆದ ತಾಯಿಯ ಮೇಲಲ್ಲ, ಅವರು ದೂರಿರುವ ನೆರೆಯವರ ಮೇಲೂ ಅಲ್ಲ. ಯಾರ ಮೇಲೆಂದು ಆಮೇಲೆ ಹೇಳುತ್ತೇನೆ.

ಇವರದು ಒಂದೂಕಾಲು ಎಕರೆ ಹಿಪ್ಪುನೇರಳೆ ತೋಟ. ದಕ್ಷಿಣದ ಬದುವಿನಾಚೆಗಿನ ಜಮೀನು ಚಿಕ್ಕಬಳ್ಳಾಪುರದಲ್ಲಿ ನೆಲೆಸಿರುವ, ಭಾನುವಾರ ಮಾತ್ರ ಊರಿಗೆ ಬಂದು ಹೋಗುವ ನಿವೃತ್ತ ಮೇಷ್ಟ್ರೊಬ್ಬರದು. ರಾಗಿ ಕೊಯ್ಲಿಗೆ ಆಳು ಸಿಗುವುದಿಲ್ಲವೆಂದು ಅವರು ಮೂರು ವರ್ಷದ ಹಿಂದೆ ಹೆಬ್ಬೇವು ಹಾಕಿದರು. ಮೊದಲ ಸಾಲನ್ನು ಬದುವಿಗೆ ಅಂಟಿಕೊಂಡಂತೆಯೇ ನೆಟ್ಟರು. ಈಗ ಮರಗಳು ಮನೆಯ ಎತ್ತರ ದಾಟಿವೆ. ನವರಾತ್ರಿ ಕಳೆಯಿತೆಂದರೆ ತೋಟದ ಅಂಚಿನ ಸಾಲುಗಳಿಗೆ ಬಿಸಿಲು ಬೀಳದು, ಸೊಪ್ಪಿಗೆ ಬೂದಿರೋಗ, ರೇಷ್ಮೆಹುಳುವಿಗೆ ಹಾಕುವ ಹಾಗಿಲ್ಲ. ಮರದ ಬುಡಕ್ಕೆ ತೂತು ಕೊರೆದು ಇಂಗು ತುಂಬಿಬಿಡೋಣ ಎನ್ನುವುದು ಮಗನ ಹಟ. ಅಕ್ಷರ ಕಲಿಸಿದ ಮೇಷ್ಟ್ರನ್ನು ಹೇಗೆ ಕೇಳುವುದು ಎನ್ನುವುದು ಯಜಮಾನರ ಸಂಕೋಚ. ತಹಶೀಲ್ದಾರರಿಗೆ ಅರ್ಜಿ ಕೊಡಲೇ, ಪೊಲೀಸರ ಬಳಿಗೆ ಹೋಗಲೇ ಎಂದು ಇವರು ಕೇಳಿದ್ದಾರೆ.

ಆದರೆ ಅಮ್ಮಾ, ಪತ್ರದ ಕೊನೆಯ ಪುಟದಲ್ಲಿ ನೀವು ಹೀಗೊಂದು ವಾಕ್ಯ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ: ‘ಮೊದಲನೇ ಬೇಸಿಗೆಯಲ್ಲಿ ಸಸಿ ಒಣಗುತ್ತವೆಂದು ನಮ್ಮ ಡ್ರಿಪ್ ಪೈಪನ್ನೇ ಆ ಕಡೆಗೆ ಎಳೆದು ನೀರು ಬಿಟ್ಟಿದ್ದೆವು.’ ನನ್ನ ಮಟ್ಟಿಗೆ ಇಡೀ ಪತ್ರ ಇರುವುದು ಈ ವಾಕ್ಯದಲ್ಲಿ. ಗುಂಡಿ ತೋಡುವ ದಿನ ಮೇಷ್ಟ್ರು ‘ನಿಮಗೇನೂ ತೊಂದರೆಯಿಲ್ಲ ತಾನೇ?’ ಎಂದು ಕೇಳಿದ್ದರೆಂದೂ, ನಿಮ್ಮ ಯಜಮಾನರು ‘ಹಾಕಿ ಮೇಷ್ಟ್ರೇ’ ಎಂದರೆಂದೂ ನೀವೇ ಬರೆದಿದ್ದೀರಿ. ಕೇಳಿ ನೆಟ್ಟವರು, ನೆಟ್ಟ ಮೇಲೆ ನಿಮ್ಮದೇ ನೀರು ಪಡೆದವರು, ಅಂದಿನಿಂದ ಇಂದಿನವರೆಗೆ ನಿಮ್ಮ ಬಾಯಿಂದ ಒಂದು ಆಕ್ಷೇಪವನ್ನೂ ಕೇಳದವರು ನಿಮಗೆ ತೊಂದರೆಯಾಗಿದೆಯೆಂದು ಹೇಗೆ ಊಹಿಸಬೇಕು? ಬದುವಿನಿಂದ ನಾಲ್ಕು ಮಾರು ಬಿಟ್ಟು ನೆಡಬೇಕೆಂಬ ತಿಳಿವಳಿಕೆ ಮೇಷ್ಟ್ರಿಗೆ ಇರಬೇಕಿತ್ತು, ಒಪ್ಪುತ್ತೇನೆ. ಅಷ್ಟು ಬಿಟ್ಟರೆ ಅವರ ಮೇಲೆ ಹೊರಿಸಲು ನನಗೆ ಹೆಚ್ಚಿನ ತಪ್ಪು ಕಾಣುತ್ತಿಲ್ಲ.

ನನ್ನ ಸಿಟ್ಟು ನಿಮ್ಮ ಯಜಮಾನರ ಮೇಲೆ. ದಾಕ್ಷಿಣ್ಯಕ್ಕೆ ಬಸಿರಾಗಿ ಹೆರಲು ಜಾಗ ಹುಡುಕುವ ಗಂಡಸರು ಈ ಅಂಕಣದ ಪತ್ರಗಳಲ್ಲಿ ಪದೇ ಪದೇ ಬರುತ್ತಾರೆ. ಒಳ್ಳೆಯವನೆನ್ನಿಸಿಕೊಳ್ಳುವ ಹೊತ್ತಿನಲ್ಲಿ ಅವರು ಮುಂದೆ ನಿಂತಿರುತ್ತಾರೆ. ಕೆಟ್ಟವಳೆನ್ನಿಸಿಕೊಳ್ಳುವ ಹೊತ್ತಿಗೆ ಹೆಂಡತಿಯನ್ನು ಮುಂದೆ ಬಿಡುತ್ತಾರೆ. ಗುರುಭಕ್ತಿ ಒಳ್ಳೆಯದೇ, ಆದರೆ ಅದರ ಖರ್ಚನ್ನು ನಿಮ್ಮ ಸೊಪ್ಪು ಯಾಕೆ ಭರಿಸಬೇಕು?

ಮಗನ ವಿಷಯಕ್ಕೆ ಬರುತ್ತೇನೆ. ಇಂಗಿನ ಯೋಚನೆಯನ್ನು ಇವತ್ತೇ ಬಿಡಿಸಿ. ಇನ್ನೊಬ್ಬರ ಮರವನ್ನು ಕದ್ದು ಸಾಯಿಸುವುದು ಅಪರಾಧ, ಮೇಲಾಗಿ ಊರಿನಲ್ಲಿ ಅದು ಮುಚ್ಚಿಡುವ ಸಂಗತಿಯೂ ಅಲ್ಲ. ನಿಮ್ಮ ಕೊಳವೆಬಾವಿಯ ನೀರು ಇಳಿದದ್ದು ಈ ಮರಗಳಿಂದಲೇ ಎಂಬ ಅವನ ವಾದವೂ ನಿಲ್ಲುವುದಿಲ್ಲ. ಸಾವಿರ ಅಡಿ ದಾಟಿ ಕೊರೆಯುವ ಈ ಸೀಮೆಯಲ್ಲಿ ಮೂರು ವರ್ಷದ ಮರದ ಬೇರು ಅಷ್ಟು ಆಳಕ್ಕೆ ಹೋಗುವುದಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ಬೆಳೆಸಬಾರದೆಂದು ತಡೆದದ್ದು ನೀಲಗಿರಿಯನ್ನು; ಹೆಬ್ಬೇವು ಬೇರೆಯೇ ಮರ, ನಮ್ಮ ನೆಲದ್ದೇ ಮರ. ಬೇರಿನಿಂದ ನಿಮಗೆ ಆಗುತ್ತಿರುವ ನಷ್ಟ ಮೇಲ್ಮಣ್ಣಿನಲ್ಲಿದೆ: ತೇವವಿದ್ದ ಕಡೆಗೆ ಬೇರು ಹರಿಯುತ್ತದೆ, ಬದುವಿನ ಪಕ್ಕದ ಸಾಲಿಗೆ ನೀವು ಡ್ರಿಪ್‌ನಲ್ಲಿ ಕೊಡುವ ನೀರು ಗೊಬ್ಬರದಲ್ಲಿ ಹೆಬ್ಬೇವೂ ಪಾಲು ಪಡೆಯುತ್ತದೆ. ನೆರಳಿನ ಲೆಕ್ಕ ಇನ್ನೊಂದು. ನಮ್ಮ ಸೀಮೆಯಲ್ಲಿ ಆಗಸ್ಟ್ ಕಳೆದ ಮೇಲೆ ಏಪ್ರಿಲ್‌ವರೆಗೆ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಬದುವಿನ ಮರದ ನೆರಳು ನಿಮ್ಮ ತೋಟದ ಮೇಲೆಯೇ ಮಲಗುತ್ತದೆ. ಹೆಬ್ಬೇವು ಚಳಿಗೆ ಎಲೆ ಉದುರಿಸುವ ಮರವಾದ್ದರಿಂದ ನಡುವೆ ಸ್ವಲ್ಪ ದಿನ ಬಿಡುವು ಸಿಕ್ಕೀತು, ಆದರೆ ಅಷ್ಟರಲ್ಲಿ ಒಂದು ಬೆಳೆಯ ಸೊಪ್ಪು ಕೆಟ್ಟಿರುತ್ತದೆ.

ಕಾನೂನು ನಿಮ್ಮ ಪರವಾಗಿ ಇಲ್ಲದಿಲ್ಲ. ನಿಮ್ಮ ಜಮೀನಿನ ಮೇಲೆ ಚಾಚಿದ ಕೊಂಬೆಯನ್ನು ನಿಮ್ಮ ನೆಲದಲ್ಲಿ ನಿಂತು, ಗಡಿಯವರೆಗೆ ಕತ್ತರಿಸಿಕೊಳ್ಳಬಹುದು. ಎಷ್ಟು ವರ್ಷ ಚಾಚಿಕೊಂಡಿದ್ದರೂ ಅದರಿಂದ ಮರದವರಿಗೆ ಹಕ್ಕು ಹುಟ್ಟುವುದಿಲ್ಲ. ಮೊದಲ ಸಾಲು ನಿಂತಿರುವುದು ಯಾರ ನೆಲದಲ್ಲಿ ಎಂಬ ತಕರಾರೇ ಇದ್ದರೆ ಹದ್ದುಬಸ್ತಿಗೆ ಅರ್ಜಿ ಕೊಡಬಹುದು, ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಅಳೆದು ಗಡಿ ಗುರುತಿಸುತ್ತಾರೆ. ಆದರೆ ಬದುವಿನ ವ್ಯಾಜ್ಯದಲ್ಲಿ ಮಾತಿಗಿಂತ ಮೊದಲು ನೋಟಿಸ್ ಹೋಗಬಾರದೆಂದು ನಾನು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ನೀರು ಕೊಟ್ಟ ಮನೆಯಿಂದ ಒಂದು ಮಾತೂ ಇಲ್ಲದೆ ಸರ್ಕಾರಿ ಕಾಗದ ಬಂದರೆ ಮೇಷ್ಟ್ರಲ್ಲ, ಯಾರಾದರೂ ಹಟಕ್ಕೆ ಬೀಳುತ್ತಾರೆ.

ಆದ್ದರಿಂದ ನೀವು ಮಾಡಬೇಕಾದ್ದು ಒಂದೇ. ಬರುವ ಭಾನುವಾರ ನಿಮ್ಮ ಯಜಮಾನರು, ನೀವಲ್ಲ, ಮಗನಂತೂ ಅಲ್ಲವೇ ಅಲ್ಲ, ಮೇಷ್ಟ್ರನ್ನು ಬದುವಿನ ಮೇಲೆ ನಿಲ್ಲಿಸಿಕೊಂಡು ಮಾತನಾಡಬೇಕು. ಕೈಯಲ್ಲಿ ಎರಡು ಎಲೆ ಇರಲಿ. ಒಂದು ತೋಟದ ನಡುವಿನದು, ದಪ್ಪವಾಗಿ, ಹಸಿರು ಮಿಂಚುವಂಥದು. ಇನ್ನೊಂದು ಬದುವಿನ ಪಕ್ಕದ್ದು, ತೆಳ್ಳಗೆ, ಕಿತ್ತ ಸ್ವಲ್ಪ ಹೊತ್ತಿಗೇ ಜೋತುಬೀಳುವಂಥದು. ಎರಡನೆಯದನ್ನು ಮಗುಚಿ ಹಿಂಬದಿಯ ಬಿಳಿ ಬೂದಿಯನ್ನು ತೋರಿಸಲಿ. ಜೀವನಪೂರ್ತಿ ಪಾಠ ಹೇಳಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗದು. ಕೇಳಬೇಕಾದ್ದು ಇಷ್ಟು: ಆ ಒಂದು ಸಾಲಿನ ಪಕ್ಕದ ಕೊಂಬೆಗಳನ್ನು ವರ್ಷವರ್ಷವೂ ಸವರಬೇಕು, ಮರ ಕಡಿದ ಮೇಲೆ ಆ ಸಾಲಿನಲ್ಲಿ ಕೂಳೆ ಚಿಗುರಲು ಬಿಡಬಾರದು. ಪ್ಲೈವುಡ್‌ನವರು ಗಂಟಿಲ್ಲದ ನೆಟ್ಟನೆಯ ಕಾಂಡವನ್ನೇ ಬಯಸುವುದರಿಂದ ಕೊಂಬೆ ಸವರುವುದು ಮೇಷ್ಟ್ರಿಗೂ ಲಾಭ, ಆರರಿಂದ ಎಂಟು ವರ್ಷಕ್ಕೆ ಕಟಾವಿಗೆ ಬರುವ ಮರವಾದ್ದರಿಂದ ಕಾಯಬೇಕಾದ್ದೂ ಜೀವಮಾನವಿಡೀ ಅಲ್ಲ. ಬೇರಿಗೆ ಮಾತ್ರ ಯಾರ ಒಪ್ಪಿಗೆಗೂ ಕಾಯಬೇಕಿಲ್ಲ: ನಿಮ್ಮ ನೆಲದೊಳಗೇ, ಬದುವಿನುದ್ದಕ್ಕೂ, ಮೂರು ಅಡಿ ಆಳದ ಕಿರುಗಾಲುವೆ ತೆಗೆಸಿ, ಮುಚ್ಚಿಕೊಂಡಾಗಲೆಲ್ಲ ಬಿಡಿಸುತ್ತಿರಿ.

ಭಾನುವಾರ ಹುಳುಮನೆಯಲ್ಲಿ ಕೆಲಸವಿದೆ ಎಂದು ಯಜಮಾನರು ಖಂಡಿತ ಹೇಳುತ್ತಾರೆ. ಹುಳುಮನೆಯನ್ನು ಆ ದಿನ ನೀವು ನೋಡಿಕೊಳ್ಳಿ, ಅವರನ್ನು ಬದುವಿಗೆ ಕಳುಹಿಸಿ.