410 ಬಂದರೆ ಕಡಿಮೆನಾ? ಸೂಜಿ ಬೇಕಾ?

"ನನಗೆ 25 ವರ್ಷ, ದಾವಣಗೆರೆ. ರಕ್ತ ಪರೀಕ್ಷೆಯಲ್ಲಿ ಟೆಸ್ಟೋಸ್ಟಿರಾನ್ (ಗಂಡಸರ ಹಾರ್ಮೋನ್) 410 ng/dL ಬಂದಿದೆ. ಜಿಮ್ ಟ್ರೇನರ್ ಇದು ಕಡಿಮೆ, ಟಿಆರ್‌ಟಿ (ಹೊರಗಿನಿಂದ ಟೆಸ್ಟೋಸ್ಟಿರಾನ್ ಕೊಡೋ ಚಿಕಿತ್ಸೆ) ಶುರು ಮಾಡು, ವಾರಕ್ಕೆ ಎರಡು ಸಸ್ಟನಾನ್ (ಟೆಸ್ಟೋಸ್ಟಿರಾನ್ ಸೂಜಿ) ಸಾಕು ಅಂತಾರೆ. ಬಾಡಿಬಿಲ್ಡಿಂಗ್ ಕಾಂಪಿಟೇಶನ್‌ಗೆ ನಿಲ್ಲೋ ಆಸೆ. ತಗೋಬಹುದಾ?" ಅಂತ ಕೇಳಿದ್ದೀರಿ.

ತಗೋಬೇಡಿ. ನಾನೂ ದಾವಣಗೆರೆಯವನೇ. ನಿಮ್ಮ ವಯಸ್ಸಿನಲ್ಲಿ ಇದೇ ಮಾತು ನಂಬಿ, ಇದೇ ಸೂಜಿ ಚುಚ್ಚಿಸಿಕೊಂಡವನು.

ಮೊದಲು ನಿಮ್ಮ ರಿಪೋರ್ಟ್. ಗಂಡಸರಲ್ಲಿ ಸಾಮಾನ್ಯವಾಗಿ ಇದು 300ರಿಂದ 1000ದ ಒಳಗೆ ಇರುತ್ತದೆ. 410 ಅಂದರೆ ಸರಿಯಾಗಿಯೇ ಇದೆ. 300ಕ್ಕಿಂತ ಕೆಳಗೆ ಬಂದರೂ ಒಳ್ಳೆ ಡಾಕ್ಟರ್ ಒಂದೇ ರಿಪೋರ್ಟ್ ನೋಡಿ ಸೂಜಿ ಬರೆಯಲ್ಲ. ಬೇರೆ ಬೇರೆ ಎರಡು ದಿನ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಸುತ್ತಾರೆ. ಸುಸ್ತು, ಲೈಂಗಿಕ ಆಸಕ್ತಿ ಕುಗ್ಗುವುದು ಇಂಥ ಲಕ್ಷಣ ಇದೆಯಾ ಅಂತಲೂ ಕೇಳುತ್ತಾರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲೇ ಯಾಕೆಂದರೆ, ಈ ಹಾರ್ಮೋನ್ ಬೆಳಗ್ಗೆ ಜಾಸ್ತಿ ಇದ್ದು ಸಂಜೆಗೆ ಇಳಿಯುತ್ತದೆ. ತಿಂದ ಮೇಲೂ ಇಳಿಯುತ್ತದೆ. ಎರಡು ಬೆಣ್ಣೆ ದೋಸೆ ತಿಂದು ಮಧ್ಯಾಹ್ನ ಲ್ಯಾಬಿಗೆ ಹೋದವರ ನಂಬರಿಗೆ ಬೆಲೆ ಇಲ್ಲ. ನಿದ್ದೆಗೆಟ್ಟಿದ್ದರೂ ಅಷ್ಟೇ.

ಟಿಆರ್‌ಟಿ ಅನ್ನೋದು ನಿಜವಾದ ಚಿಕಿತ್ಸೆ. ಮಂಗನಬಾವು ಬಂದು ಬೀಜ ಕೆಟ್ಟವರು, ಹುಟ್ಟಿನಿಂದಲೇ ತೊಂದರೆ ಇರುವವರು, ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಆದವರು, ಇಂಥವರಿಗೆ ಅದು ಬದುಕನ್ನೇ ವಾಪಸ್ ಕೊಡುತ್ತದೆ. ಅವರ ಬಗ್ಗೆ ನನಗೆ ಒಂದು ಮಾತೂ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನಮ್ಮ ದೇಹ ದಿನಕ್ಕೆ ಮಾಡುವುದು ಸುಮಾರು 5ರಿಂದ 7 ಮಿಲಿಗ್ರಾಂ, ವಾರಕ್ಕೆ 35ರಿಂದ 50. ಅದು ಸಾಕಷ್ಟು ಆಗದವರಿಗೆ ಡಾಕ್ಟರ್ ಕೊಡುವ ಸೂಜಿ ಹೆಚ್ಚಾಗಿ ವಾರಕ್ಕೆ 100ರ ಸುತ್ತಮುತ್ತ. ನಿಮಗೆ ಹೇಳಿದ್ದು 250 ಮಿಲಿಗ್ರಾಂ ಸಸ್ಟನಾನ್ ಎರಡು, ಅಂದರೆ ವಾರಕ್ಕೆ 500. ಇದು ಸ್ಟಿರಾಯ್ಡ್ ಸೈಕಲ್, ಅಂದರೆ ಮೈ ಬೆಳೆಸಲು ಹೆಚ್ಚು ಡೋಸ್ ಚುಚ್ಚಿಸಿಕೊಳ್ಳುವುದು. ಹೆಸರು ಮಾತ್ರ ಟಿಆರ್‌ಟಿ.

ಮೈ ಬರುತ್ತಾ? ಬರುತ್ತದೆ, ಸುಳ್ಳು ಹೇಳಲ್ಲ. 1996ರಲ್ಲಿ ಅಮೆರಿಕದಲ್ಲಿ ವಾರಕ್ಕೆ 600 ಮಿಲಿಗ್ರಾಂ ಕೊಟ್ಟು ಹತ್ತು ವಾರ ನೋಡಿದರು. ಕಸರತ್ತು ಮಾಡದೆ ಸುಮ್ನೆ ಇದ್ದವರಿಗೂ ಮೂರು ಕೆಜಿ ಕೂಡಿತ್ತು, ಮಾಡಿದವರಿಗೆ ಆರು. ನನಗೂ ಮೂರು ತಿಂಗಳಿಗೆ ಶರ್ಟಿನ ತೋಳು ಹಿಡಿಯತೊಡಗಿತು. ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನೋಡಲು ಹೋದಾಗ ಜನ ತಿರುಗಿ ತಿರುಗಿ ನೋಡಿದರು. ಆ ಖುಷಿ ಈಗಲೂ ನೆನಪಿದೆ.

ಆ ಆಂಪೂಲ್ ಚೆನ್ನಾಗಿ ನೆನಪಿದೆ. ಒಳಗೆ ತೆಳು ಹಳದಿ ಎಣ್ಣೆ. ಅದು ಶೇಂಗಾ ಎಣ್ಣೆ ಅಂತ ಆಮೇಲೆ ಗೊತ್ತಾಯಿತು. ಚಳ್ಳಕೆರೆ ಗಾಣದಲ್ಲಿ ಬರುವಂಥದ್ದೇ, ಔಷಧಿಗೆ ಶುದ್ಧ ಮಾಡಿದ್ದು ಅಷ್ಟೇ. ಶೇಂಗಾ ಅಲರ್ಜಿ ಇದ್ದವರು ಅದನ್ನು ಮುಟ್ಟಲೇಬಾರದು. ನನಗೆ ಚುಚ್ಚಿದವರು ಅಲರ್ಜಿ ಇದೆಯಾ ಅಂತ ಕೇಳಲಿಲ್ಲ. ಡಾಕ್ಟರ್ ಚೀಟಿಯೂ ಇರಲಿಲ್ಲ.

ಈಗ ಯಾರೂ ನನಗೆ ಹೇಳದೇ ಇದ್ದ ಮಾತು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಪಿಟ್ಯುಟರಿ ಇದೆ. ಬೀಜಕ್ಕೆ ಕೆಲಸ ಮಾಡು ಅಂತ ಹೇಳುವುದು ಅದೇ. ಹೊರಗಿನಿಂದ ಹಾರ್ಮೋನ್ ಬಂದು ತುಂಬಿತು ಅಂದರೆ ಅದು ಸುಮ್ಮನಾಗುತ್ತದೆ. ಬೀಜ ತನ್ನ ಕೆಲಸ ನಿಲ್ಲಿಸುತ್ತದೆ, ಚಿಕ್ಕದಾಗುತ್ತದೆ, ವೀರ್ಯಾಣು ನಿಂತುಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯವರು ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟಿರಾನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷೆ ಮಾಡಿದ್ದಾರೆ. ನಿಮ್ಮದು 500.

ಮದುವೆಯಾಗಿ ಎರಡು ವರ್ಷ ಮಗು ಆಗಲಿಲ್ಲ. ನಾನು ಸೂಜಿ ಬಿಟ್ಟಿರಲಿಲ್ಲ, ಮನೆಯಲ್ಲಿ ಹೇಳಿಯೂ ಇರಲಿಲ್ಲ. ಅಷ್ಟೂ ದಿನ ನನ್ನ ಹೆಂಡತಿ ಸ್ಕ್ಯಾನಿಂಗ್ ಮಾಡಿಸಿದಳು, ಮಾತ್ರೆ ನುಂಗಿದಳು, ನೆಂಟರ ಮಾತು ಕೇಳಿದಳು. ಕೊನೆಗೆ ನನ್ನ ವೀರ್ಯ ಪರೀಕ್ಷೆ ಆಯಿತು. ನಂಬರ್ ಇರಬೇಕಾದ ಜಾಗದಲ್ಲಿ ನೀಲಿ ಪೆನ್ನಿನಲ್ಲಿ 'ನಿಲ್' ಅಂತ ಬರೆದಿದ್ದರು. ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಅವಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ತನ್ನ ಮಾತ್ರೆ ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಸೂಜಿ ನಿಲ್ಲಿಸಿ, ಬೇರೆ ಔಷಧಿ ತಗೊಂಡು, ವೀರ್ಯಾಣು ವಾಪಸ್ ಬರಲು ಹನ್ನೊಂದು ತಿಂಗಳು ಹಿಡಿಯಿತು. ಮೊದಲ ಕೆಲವು ತಿಂಗಳು ಹಾಸಿಗೆಯಿಂದ ಏಳಲೂ ಮನಸ್ಸಾಗುತ್ತಿರಲಿಲ್ಲ. ಈಗ ಮಗಳಿಗೆ ಮೂರು ವರ್ಷ. ಎಲ್ಲರಿಗೂ ಹೀಗೆ ವಾಪಸ್ ಬರುತ್ತದೆ ಅಂತ ಹೇಳಲಾಗದು. ಕೆಲವರಿಗೆ ಪೂರ್ತಿ ಬರುವುದೇ ಇಲ್ಲ.

ರಕ್ತ ಗಟ್ಟಿಯಾಗುವುದು ಇನ್ನೊಂದು ಅಪಾಯ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡ 54 ದಾಟಿದರೆ ಡಾಕ್ಟರುಗಳು ಸೂಜಿ ನಿಲ್ಲಿಸುತ್ತಾರೆ. ಜಿಮ್ಮಿನಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ, ಹೇಳಿ?

ಈಗಾಗಲೇ ಒಂದೆರಡು ಸೂಜಿ ಆಗಿದ್ದರೆ ಮುಚ್ಚಿಡಬೇಡಿ. ನಮ್ಮೂರಲ್ಲೇ ಎರಡು ಮೆಡಿಕಲ್ ಕಾಲೇಜಿವೆ. ಹೋಗಿ ಏನು ತಗೊಂಡಿರಿ, ಎಷ್ಟು ಅಂತ ಇದ್ದದ್ದು ಇದ್ದಹಾಗೆ ಹೇಳಿ. ಎಲ್‌ಎಚ್, ಎಫ್‌ಎಸ್‌ಎಚ್ (ಬೀಜಕ್ಕೆ ಕೆಲಸ ಹೇಳುವ ಪಿಟ್ಯುಟರಿ ಹಾರ್ಮೋನ್‌ಗಳು), ವೀರ್ಯ ಪರೀಕ್ಷೆ ಮೂರನ್ನೂ ಮಾಡಿಸಲು ಕೇಳಿ. ತಗೊಂಡಿಲ್ಲ ಅಂದರೆ ನಾಳೆಯಿಂದ ಜಿಮ್ ಬದಲಿಸಿ, ಏಳೆಂಟು ಗಂಟೆ ನಿದ್ದೆ ಮಾಡಿ, ಇನ್ನೊಂದು ವರ್ಷ ಭಾರ ಎತ್ತಿ. ಏನಾದರೂ ಕೇಳಬೇಕು ಅನಿಸಿದರೆ ಇಲ್ಲೇ ಕೇಳಿ, ಉತ್ತರ ಬರೆಯುತ್ತೇನೆ.